6061 ಅಲ್ಯೂಮಿನಿಯಂ ವೆಲ್ಡಿಂಗ್: ಬಿರುಕು ಯಾಕೆ ಬರುತ್ತದೆ, ಬರದಂತೆ ಏನು ಮಾಡಬೇಕು

6061 ಎಂಬ, ಮೆಗ್ನೀಷಿಯಂ ಮತ್ತು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹದ ಪ್ಲೇಟಿನ ಎರಡು ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿಟ್ಟು, ಫಿಲ್ಲರ್ ರಾಡ್ (ಸಂದು ತುಂಬಲು ಕರಗಿಸುವ ಲೋಹದ ಕಡ್ಡಿ) ಕೊಡದೆ ಬರೀ ಟಿಗ್ (ಟಂಗ್‌ಸ್ಟನ್ ತುದಿಯ ಆರ್ಕ್) ಟಾರ್ಚಿನಿಂದ ಕರಗಿಸಿ ಕೂಡಿಸಿ ನೋಡಿ. ಬೀಡ್, ಅಂದರೆ ಕರಗಿ ಗಟ್ಟಿಯಾದ ವೆಲ್ಡ್ ಪಟ್ಟಿ, ಹೊಳೆಯುತ್ತಾ ಚೆನ್ನಾಗಿಯೇ ಕೂರುತ್ತದೆ. ಆರ್ಕ್ ಆರಿಸಿ ಹೆಲ್ಮೆಟ್ ಎತ್ತುವಷ್ಟರಲ್ಲಿ ಬೀಡಿನ ನಟ್ಟನಡುವೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿರುತ್ತದೆ. ಎಷ್ಟೇ ನುರಿತ ಕೈಯಾದರೂ ಫಲ ಇದೇ. ಅಲ್ಯೂಮಿನಿಯಂ ಬಿರುಕನ್ನು ವೆಲ್ಡರ್‌ನ ಕೈತಪ್ಪು ಎಂದುಕೊಂಡು ಆಂಪಿಯರ್ ಬದಲಿಸುತ್ತಾ ಕೂತರೆ ದಿನ ಕಳೆಯುತ್ತದೆ, ಬಿರುಕು ಹೋಗುವುದಿಲ್ಲ. ಕರಗಿದ ಕೊಳದಲ್ಲಿ ಯಾವ ಧಾತು ಎಷ್ಟಿದೆ ಎಂಬುದು ಮೊದಲು ಸರಿಯಾಗಬೇಕು, ಉಳಿದದ್ದೆಲ್ಲ ಆಮೇಲೆ.

ಬಿರುಕು ಹುಟ್ಟುವ ಬಗೆ

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಸಲಕ್ಕೆ ಹೆಪ್ಪುಗಟ್ಟುತ್ತದೆ. 6061 ಹಾಗಲ್ಲ. ಸುಮಾರು 652 ಡಿಗ್ರಿಯಲ್ಲಿ ಗಟ್ಟಿಯಾಗಲು ತೊಡಗಿ 582 ಡಿಗ್ರಿಗೆ ಮುಗಿಸುತ್ತದೆ. ಈ 70 ಡಿಗ್ರಿಗಳ ಅವಧಿಯಲ್ಲಿ ಲೋಹದ ಹರಳುಗಳು ಬೆಳೆದು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅವುಗಳ ನಡುವೆ ಮಾತ್ರ ತೆಳುವಾದ ದ್ರವದ ಪೊರೆ ಇನ್ನೂ ಉಳಿದಿರುತ್ತದೆ. ಹೆಪ್ಪುಗಟ್ಟುವಾಗ ಅಲ್ಯೂಮಿನಿಯಂ ಗಾತ್ರದಲ್ಲಿ ಸುಮಾರು ಶೇ 6ರಷ್ಟು ಕುಗ್ಗುತ್ತದೆ. ಗಟ್ಟಿಯಾದ ಮೇಲೂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತಾ ಹೋಗುತ್ತದೆ. ಎರಡೂ ಕಡೆ ಕ್ಲ್ಯಾಂಪ್ ಬಿಗಿದಿದ್ದರೆ ಈ ಎಳೆತವೆಲ್ಲ ಬಂದು ಬೀಳುವುದು ಆ ದ್ರವದ ಪೊರೆಯ ಮೇಲೆ. ದ್ರವಕ್ಕೆ ಎಳೆತ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಪೊರೆ ಹರಿಯುತ್ತದೆ. ಅದೇ ಬಿಸಿ ಬಿರುಕು.

ಹರಿದ ಜಾಗಕ್ಕೆ ಅಕ್ಕಪಕ್ಕದಿಂದ ಸಾಕಷ್ಟು ದ್ರವ ನುಗ್ಗಿ ಬಂದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಬೆರೆಸಿದ ಧಾತುಗಳ ಬೆರಕೆ ತೀರಾ ಕಡಿಮೆಯಿದ್ದರೆ ಪೊರೆಯೇ ಉಳಿಯುವುದಿಲ್ಲ, ಹರಿಯಲು ಏನೂ ಇರುವುದಿಲ್ಲ. ಬೆರಕೆ ಹೆಚ್ಚಿದ್ದರೆ ಕೊನೆಯವರೆಗೂ ದ್ರವ ಧಾರಾಳವಾಗಿರುತ್ತದೆ, ತಾನೇ ನುಗ್ಗಿ ಬಿರುಕು ತುಂಬುತ್ತದೆ. ಅಪಾಯ ಇರುವುದು ಇವೆರಡರ ನಡುವೆ: ಹರಳುಗಳನ್ನು ಸವರುವಷ್ಟು ದ್ರವ ಇದೆ, ಬಿರುಕು ತುಂಬುವಷ್ಟು ಇಲ್ಲ. ಸಿಲಿಕಾನ್‌ಗೆ ಈ ಅಪಾಯದ ಶಿಖರ ಶೇ 0.5ರಿಂದ 1ರ ಆಸುಪಾಸಿನಲ್ಲಿದೆ. ಮೆಗ್ನೀಷಿಯಂಗೆ ಶೇ 1ರಿಂದ 1.5, ತಾಮ್ರಕ್ಕೆ ಸುಮಾರು ಶೇ 3. ಮೆಗ್ನೀಷಿಯಂ ಮತ್ತು ಸಿಲಿಕಾನ್ ಸೇರಿ ಆಗುವ ಮೆಗ್ನೀಷಿಯಂ ಸಿಲಿಸೈಡ್‌ಗೆ ಸುಮಾರು ಶೇ 1. ಈಗ 6061ರ ರಚನೆ ನೋಡಿ: ಮೆಗ್ನೀಷಿಯಂ ಶೇ 0.8–1.2, ಸಿಲಿಕಾನ್ ಶೇ 0.4–0.8. ನೇರವಾಗಿ ಶಿಖರದ ತುದಿಯಲ್ಲೇ ಕೂತಿದೆ. 6063, 6082 ಕೂಡ ಅಲ್ಲೇ ಹತ್ತಿರ. ಈ 6000 ಸರಣಿಯ ಯಾವುದನ್ನೂ ರಾಡ್ ಇಲ್ಲದೆ ವೆಲ್ಡ್ ಮಾಡಬಾರದು ಎನ್ನುವುದು ಇದಕ್ಕೇ.

ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಕೆಲಸದಿಂದ ಬಂದವರು ಒಂದು ಮಾತು ಗಮನಿಸಬೇಕು. ಉಕ್ಕಿನಲ್ಲಿ ಹೈಡ್ರೋಜನ್‌ನಿಂದ ಗಂಟೆಗಳ ನಂತರ ಬರುವ ಬಿರುಕು ಅಲ್ಯೂಮಿನಿಯಂನಲ್ಲಿ ಇಲ್ಲ. ಇಲ್ಲಿ ಹೈಡ್ರೋಜನ್ ಕೊಡುವುದು ಸೂಜಿರಂಧ್ರಗಳನ್ನು. ಹಾಗಾಗಿ ಅಲ್ಲಿ ಕೆಲಸಕ್ಕೆ ಬಂದ "ಚೆನ್ನಾಗಿ ಬಿಸಿ ಮಾಡಿ ವೆಲ್ಡ್ ಮಾಡು" ಎಂಬ ಪಾಠ ಇಲ್ಲಿ ಅರ್ಧ ಮಾತ್ರ ಸರಿ, ಕೆಲವೊಮ್ಮೆ ಪೂರ್ತಿ ತಪ್ಪು.

ಕೈಯಲ್ಲಿರುವ ಲೋಹ ಯಾವುದು?

ನಮ್ಮ ಅಂಗಡಿಗಳಲ್ಲಿ ಇನ್ನೂ ಹಳೆಯ ಬ್ರಿಟಿಷ್ ಹೆಸರುಗಳೇ ಓಡುತ್ತವೆ. ಎಚ್‌ಇ 9 ಎಂದರೆ 6063, ಕಿಟಕಿ ಸೆಕ್ಷನ್ನು, ಪೈಪುಗಳದ್ದು. ಎಚ್‌ಇ 20 ಎಂದರೆ 6061. ಎಚ್‌ಇ 30 ಎಂದರೆ 6082. ಭಾರತೀಯ ಮಾನಕದ ಅಂಕಿಗಳಲ್ಲಿ ಇವು ಕ್ರಮವಾಗಿ 63400, 65032, 64430. ಈ ಮೂರನ್ನೂ ಸರಿಯಾದ ರಾಡ್ ಇದ್ದರೆ ನಿಶ್ಚಿಂತೆಯಿಂದ ವೆಲ್ಡ್ ಮಾಡಬಹುದು. ಆದರೆ ಇದೇ ಸಾಲಿನಲ್ಲಿ ಎಚ್‌ಇ 15 ಕೂಡ ಸಿಗುತ್ತದೆ, ಅಂಕಿ 24345. ಅದು ತಾಮ್ರದ 2014 ಮಿಶ್ರಲೋಹ, ಬಿರುಕಿನ ಮನೆ. ಮೆಷಿನಿಂಗ್‌ಗೆ ಸೊಗಸಾಗಿ ಬರುತ್ತದೆಂದು ತಂದ ಎಚ್‌ಇ 15 ತುಂಡು ವೆಲ್ಡಿಂಗ್ ಟೇಬಲ್ಲಿಗೆ ಬಂದರೆ ಅಲ್ಲಿಯೇ ನಿಲ್ಲಿಸಿ. 2024 ಮತ್ತು 7075 ಕೂಡ ಆರ್ಕ್ ವೆಲ್ಡಿಂಗ್‌ಗೆ ಆಗಿಬರುವುದಿಲ್ಲ. 7075 ವೆಲ್ಡ್ ನೋಡಲು ಸರಿಯಾಗಿದೆ ಎನಿಸಿದರೂ, ಮುಂದೆ ಭಾರ ಹೊತ್ತಾಗ ತುಕ್ಕು ಮತ್ತು ಎಳೆತ ಎರಡೂ ಸೇರಿ ಅದನ್ನು ಸೀಳಬಹುದು. ಅವುಗಳಿಗೆ ಬೋಲ್ಟ್, ರಿವೆಟ್ಟೇ ದಾರಿ.

ತಾಮ್ರ ಇದ್ದರೆಲ್ಲ ಕೆಟ್ಟದ್ದು ಎಂದೇನಲ್ಲ. ಬೆಂಗಳೂರಿನ ಎಚ್‌ಎಎಲ್ ಇಸ್ರೋಗೆ ತಯಾರಿಸಿಕೊಡುವ ಕ್ರಯೋಜೆನಿಕ್ ಇಂಧನ ಟ್ಯಾಂಕುಗಳು 2219 ಮಿಶ್ರಲೋಹದವು. ಅದರಲ್ಲಿ ತಾಮ್ರ ಶೇ 5.8–6.8, ಅಂದರೆ ಶಿಖರವನ್ನು ದಾಟಿ ಆಚೆ ಇಳಿದಿದೆ, ಮೆಗ್ನೀಷಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 2319 ಫಿಲ್ಲರ್‌ನಲ್ಲಿ ಅದು ಚೆನ್ನಾಗಿ ವೆಲ್ಡ್ ಆಗುತ್ತದೆ. 2024ರಲ್ಲಿ ತಾಮ್ರ ಸುಮಾರು ಶೇ 4.4, ಜೊತೆಗೆ ಶೇ 1.5 ಮೆಗ್ನೀಷಿಯಂ. ಒಂದೇ ಸರಣಿಯ ಅಣ್ಣತಮ್ಮಂದಿರಾದರೂ ಒಂದು ಒಲಿಯುತ್ತದೆ, ಇನ್ನೊಂದು ಒಲಿಯುವುದಿಲ್ಲ.

ಗುಜರಿಯಿಂದ ಬಂದ, ಹೆಸರು ಗೊತ್ತಿಲ್ಲದ ತುಂಡಾದರೆ ಒಂದು ಮೂಲೆಯನ್ನು ಉಜ್ಜಿ ಹೊಳಪು ಮಾಡಿ, ಶೇ 10–20ರ ಕಾಸ್ಟಿಕ್ ಸೋಡಾ ದ್ರಾವಣದ ಒಂದೆರಡು ಹನಿ ಹಾಕಿ, ಕೆಲವು ನಿಮಿಷ ಬಿಟ್ಟು ನೀರಲ್ಲಿ ತೊಳೆಯಿರಿ. ಆ ಜಾಗ ಕಪ್ಪಾದರೆ ತಾಮ್ರ ಅಥವಾ ಸತು ಹೆಚ್ಚಿದೆ, ವೆಲ್ಡ್ ಮಾಡಬೇಡಿ. ಬಿಳಿಯಾಗಿಯೇ ಉಳಿದರೆ 5000 ಅಥವಾ 6000 ಸರಣಿ ಇರುವ ಸಾಧ್ಯತೆ ಹೆಚ್ಚು. ಬೂದು ಬಣ್ಣ ಬಂದರೆ ಸಿಲಿಕಾನ್ ಜಾಸ್ತಿ, ಎರಕದ ಲೋಹವಿರಬಹುದು. ಈ ದ್ರಾವಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋದೀತು. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ರಾಡ್ ಆಯ್ಕೆ, ಮತ್ತು ಅದಕ್ಕಿಂತ ಮುಖ್ಯವಾದ ರಾಡ್ ಪ್ರಮಾಣ

6061, 6063, 6082ಗೆ ಎರಡು ರಾಡ್‌ಗಳು ಬಳಕೆಯಲ್ಲಿವೆ: 4043 ಮತ್ತು 5356. ಮೊದಲನೆಯದರಲ್ಲಿ ಸಿಲಿಕಾನ್ ಸುಮಾರು ಶೇ 5, ಎರಡನೆಯದರಲ್ಲಿ ಮೆಗ್ನೀಷಿಯಂ ಸುಮಾರು ಶೇ 5. ಬಿರುಕು ತಡೆಯುವುದೊಂದೇ ಗುರಿಯಾದರೆ 4043 ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಅದು ತಳಲೋಹಕ್ಕಿಂತ (ಕೂಡಿಸುತ್ತಿರುವ ಪ್ಲೇಟಿಗಿಂತ) ಕಡಿಮೆ ಶಾಖದಲ್ಲಿ, ಸುಮಾರು 575 ಡಿಗ್ರಿಯಲ್ಲಿ ಗಟ್ಟಿಯಾಗುವುದನ್ನು ಮುಗಿಸುತ್ತದೆ. ಪಕ್ಕದ ಪ್ಲೇಟು ಗಟ್ಟಿಯಾಗಿ ಬಲ ಪಡೆಯುವವರೆಗೂ ಬೀಡ್ ಮೆತ್ತಗಿದ್ದು ಎಳೆತಕ್ಕೆ ಬಗ್ಗುತ್ತದೆ. 5356 ಹೆಚ್ಚು ಗಟ್ಟಿ, ಹೆಚ್ಚು ಬಾಗುತ್ತದೆ, ಆನೊಡೈಸಿಂಗ್ ಮಾಡಿದಾಗ ಬಣ್ಣ ಹೊಂದುತ್ತದೆ. 4043 ಹಾಕಿದ ಬೀಡ್ ಆನೊಡೈಸ್ ಆದಮೇಲೆ ಕಡು ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಸದಾ ಕೆಲಸ ಮಾಡುವ ಭಾಗಕ್ಕೆ, ಉದಾಹರಣೆಗೆ ಇಂಟರ್‌ಕೂಲರ್ ಟ್ಯಾಂಕಿಗೆ, 5356 ಹಾಕಬೇಡಿ. ಕಾಲಕ್ರಮದಲ್ಲಿ ಹರಳಿನ ಅಂಚುಗಳಿಂದ ಬಿರುಕು ಶುರುವಾಗುತ್ತದೆ.

ತದ್ವಿರುದ್ಧ ತಪ್ಪೂ ಆಗುತ್ತದೆ. 5083, 5086ರಂಥ ಮೆಗ್ನೀಷಿಯಂ ಹೆಚ್ಚಿರುವ ಪ್ಲೇಟಿಗೆ 4043 ಹಾಕಿದರೆ ಬೀಡಿನ ತುಂಬ ಮೆಗ್ನೀಷಿಯಂ ಸಿಲಿಸೈಡ್ ಹುಟ್ಟಿ ವೆಲ್ಡ್ ಬಿಸ್ಕತ್ತಿನಂತೆ ಪುಡಿಯಾಗುವ ಗುಣಕ್ಕೆ ಬರುತ್ತದೆ. ಅವಕ್ಕೆ 5183 ಅಥವಾ 5356 ಮಾತ್ರ. 6061ನ್ನು 5083ಗೆ ಕೂಡಿಸಬೇಕಾದಾಗ ಕೂಡ 5356. ಎರಕದ ಭಾಗಕ್ಕೆ 6061 ಕೂಡಿಸುವಾಗ 4043.

ಈಗ ಎಷ್ಟೋ ಜನ ಎಡವುವ ಜಾಗಕ್ಕೆ ಬರೋಣ. ರಾಡ್ ಸರಿಯಾದದ್ದೇ ಇದ್ದರೂ ಕೊಳದೊಳಗೆ ಅದರ ಪಾಲು ಕಡಿಮೆಯಾದರೆ ಉಪಯೋಗವಿಲ್ಲ. ಲೆಕ್ಕ ಸುಲಭ. 6061ರಲ್ಲಿ ಸಿಲಿಕಾನ್ ಶೇ 0.6, 4043ರಲ್ಲಿ ಶೇ 5 ಎಂದಿಟ್ಟುಕೊಳ್ಳಿ. ಬೀಡಿನಲ್ಲಿ ಐದನೇ ಒಂದು ಪಾಲು ಮಾತ್ರ ರಾಡ್ ಇದ್ದರೆ ಸಿಲಿಕಾನ್ ಸುಮಾರು ಶೇ 1.5, ಶಿಖರದ ಪಕ್ಕದಲ್ಲೇ ಇದೆ. ಅರ್ಧ ಪಾಲು ರಾಡ್ ಆದರೆ ಶೇ 2.8, ಅಪಾಯದಿಂದ ಆಚೆ. 5356ಗೆ ಇದೇ ಲೆಕ್ಕ ಹಾಕಿ: ಐದನೇ ಒಂದು ಪಾಲಿದ್ದರೆ ಮೆಗ್ನೀಷಿಯಂ ಶೇ 1.8, ಅರ್ಧ ಇದ್ದರೆ ಶೇ 3. ಆದ್ದರಿಂದ 5356 ಬಳಸುವಾಗ ರಾಡ್ ಪಾಲು ಅರ್ಧಕ್ಕಿಂತ ಹೆಚ್ಚೇ ಇರಬೇಕು. 4043 ಸ್ವಲ್ಪ ಕ್ಷಮಿಸುತ್ತದೆ, 5356 ಅಷ್ಟು ಕ್ಷಮಿಸುವುದಿಲ್ಲ.

ಈ ಪಾಲನ್ನು ತೀರ್ಮಾನಿಸುವುದು ಅಂಚಿನ ತಯಾರಿ. ಗ್ಯಾಪ್ ಇಲ್ಲದ ಚೌಕ ಅಂಚಿನಲ್ಲಿ ರಾಡ್‌ಗೆ ಜಾಗವೇ ಇಲ್ಲ, ತಳಲೋಹವೇ ಕರಗಿ ತುಂಬುತ್ತದೆ. 3 ಮಿ.ಮೀ. ಪ್ಲೇಟಿಗೂ ಅಂಚಿನ ಮೂಲೆಯನ್ನು ಫೈಲಿನಿಂದ ಒಂದು ಮಿ.ಮೀ.ನಷ್ಟು ಸವರಿ, 1ರಿಂದ 1.5 ಮಿ.ಮೀ. ಗ್ಯಾಪ್ ಕೊಡುವುದು ಒಳ್ಳೆಯದು. 6 ಮಿ.ಮೀ. ಪ್ಲೇಟಿಗೆ ಒಟ್ಟು 60ರಿಂದ 90 ಡಿಗ್ರಿಯ ವಿ-ಗ್ರೂವ್, ಕೆಳಗೆ ಸವರದೆ ಬಿಟ್ಟ 1.5 ಮಿ.ಮೀ. ನೇರ ಮುಖ, 1.5ರಿಂದ 2 ಮಿ.ಮೀ. ಗ್ಯಾಪ್. ಬಿರುಕು ಕಾಡುತ್ತಿದ್ದರೆ ಕೋನ ಕಿರಿದು ಮಾಡಬೇಡಿ, ಅಗಲ ಮಾಡಿ. ರಾಡ್ ಹೆಚ್ಚು ಖರ್ಚಾಗುತ್ತದೆ, ಆಗಲಿ.

ಶುಚಿ ಮಾಡುವುದು

ಕ್ರಮ ತಪ್ಪಬಾರದು, ಅಷ್ಟೇ. ಮೊದಲು ಅಸಿಟೋನ್ ಒದ್ದೆ ಮಾಡಿದ ಬಟ್ಟೆಯಿಂದ ಎಣ್ಣೆ, ಗ್ರೀಸ್ ಒರೆಸಿ. ಆಮೇಲೆ ಅಲ್ಯೂಮಿನಿಯಂಗೆಂದೇ ಮೀಸಲಿಟ್ಟ ಎಸ್.ಎಸ್. ಬ್ರಶ್‌ನಿಂದ ಆಕ್ಸೈಡ್ ಪದರ ಉಜ್ಜಿ. ತಿರುಗುಮುರುಗಾದರೆ ಬ್ರಶ್ ಎಣ್ಣೆಯನ್ನು ಲೋಹದೊಳಕ್ಕೆ ಉಜ್ಜುತ್ತದೆ. ಆಕ್ಸೈಡ್ ಕರಗುವುದು 2000 ಡಿಗ್ರಿಗೂ ಮೇಲೆ, ಹಾಗಾಗಿ ಉಳಿದ ಪದರ ಬೀಡಿನಲ್ಲಿ ಮಡಿಕೆಯಾಗಿ ಕೂತು ಮುಂದೆ ಬಿರುಕಿಗೆ ಬೀಜವಾಗುತ್ತದೆ. ರಾಡನ್ನೂ ಒರೆಸಿ. ಬ್ರೇಕ್ ಕ್ಲೀನರ್‌ನಂಥ ಕ್ಲೋರಿನ್ ಇರುವ ದ್ರಾವಕ ಆರ್ಕ್ ಹತ್ತಿರ ಸುಳಿಯಲೂ ಬಾರದು, ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಹಿಡಿತ, ಟ್ಯಾಕ್, ಕ್ರಮ

ಪೊರೆ ಹರಿಯುವುದು ಎಳೆತದಿಂದ. ಆದ್ದರಿಂದ ಜಾಬ್‌ಗೆ ಕುಗ್ಗಲು ಒಂದಾದರೂ ದಿಕ್ಕು ಬಿಡಬೇಕು. ಫಿಕ್ಸ್ಚರ್‌ನಲ್ಲಿ ನಾಲ್ಕೂ ಕಡೆ ಬಿಗಿದು, ಮಧ್ಯೆ ವೆಲ್ಡ್ ಮಾಡಿ, ತಣ್ಣಗಾದ ಮೇಲೆ ಬಿಚ್ಚುವ ಪದ್ಧತಿ ಉಕ್ಕಿಗೆ ನಡೆಯಬಹುದು, 6061ಗೆ ನಡೆಯುವುದಿಲ್ಲ. ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದು ಕಡೆ ಜಾರಲು ಬಿಡಿ. ಮೊದಲು ಬಟ್ ಜಾಯಿಂಟ್‌ಗಳು (ಅಂಚಿಗೆ ಅಂಚು ಕೂಡುವವು), ನಂತರ ಫಿಲೆಟ್‌ಗಳು (ಮೂಲೆಯಲ್ಲಿ ಕೂರುವ ವೆಲ್ಡ್‌ಗಳು). ಉದ್ದ ಸೀಮ್ ಆದರೆ ನಡುವಿನಿಂದ ಹೊರಕ್ಕೆ. ಫ್ರೇಮ್ ಆದರೆ ಕೊನೆಯ ಜಾಯಿಂಟ್ ಯಾವುದೆಂದು ಮೊದಲೇ ಯೋಚಿಸಿ, ಏಕೆಂದರೆ ಎಲ್ಲ ಎಳೆತವೂ ಕೂಡಿಕೊಂಡು ಅಲ್ಲಿಗೆ ಬರುತ್ತದೆ. ಅದು ಅಗಲವಾದ ಗ್ರೂವ್ ಇರುವ, ಕೈ ಸುಲಭವಾಗಿ ಆಡುವ ಜಾಗವಾಗಿರಲಿ.

ತುಂಡುಗಳನ್ನು ಜಾಗದಲ್ಲಿ ಹಿಡಿದಿಡಲು ಮೊದಲು ಹಾಕುವ ಟ್ಯಾಕ್ ಎಂದರೆ ಚಿಕ್ಕ ವೆಲ್ಡ್ ಅಷ್ಟೇ ಎಂದುಕೊಂಡು ರಾಡ್ ಇಲ್ಲದೆ ಚುಕ್ಕಿ ಇಡುವವರಿದ್ದಾರೆ. ಆ ಚುಕ್ಕಿ ಬಿರಿಯುತ್ತದೆ, ಅದರ ಮೇಲೆ ಬೀಡ್ ಓಡಿಸಿದರೆ ಬಿರುಕು ಬೀಡಿನೊಳಕ್ಕೂ ಹತ್ತುತ್ತದೆ. 6 ಮಿ.ಮೀ. ಪ್ಲೇಟಿನಲ್ಲಿ ಪ್ರತಿ ಟ್ಯಾಕ್ 15ರಿಂದ 20 ಮಿ.ಮೀ. ಉದ್ದವಿರಲಿ, ಧಾರಾಳವಾಗಿ ರಾಡ್ ಹಾಕಿ, ಎರಡೂ ತುದಿ ಇಳಿಜಾರಾಗಿ ಗ್ರೈಂಡ್ ಮಾಡಿ. ಬಿರಿದ ಟ್ಯಾಕ್ ಕಂಡರೆ ಪೂರ್ತಿ ತೆಗೆದು ಹೊಸದು ಹಾಕಿ.

ಬೀಡಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ನಡುವೆ ತಗ್ಗಾದ ಫಿಲೆಟ್ ನೋಡಲು ಚೆಂದ, ಆದರೆ ಅದರ ಅತಿ ತೆಳು ಭಾಗವೇ ಅತಿ ಹೆಚ್ಚು ಎಳೆತ ಹೊರುವ ಭಾಗ. ಫಿಲೆಟ್ ಸಮತಟ್ಟಾಗಿ ಅಥವಾ ಸ್ವಲ್ಪ ಉಬ್ಬಾಗಿರಲಿ. ವಿ-ಗ್ರೂವಿನ ಮೊದಲ ಪಾಸ್ (ಒಂದು ಸಲ ಓಡಿಸಿದ ಬೀಡ್) ಕೂಡ ತೆಳ್ಳಗೆ ಎಳೆಯಬೇಡಿ, ದಪ್ಪಗೆ ಕೂರಿಸಿ.

ಶಾಖ

ಟಿಗ್‌ನಲ್ಲಿ ದಪ್ಪದ ಪ್ರತಿ ಮಿ.ಮೀ.ಗೆ ಸುಮಾರು 40 ಆಂಪಿಯರ್ ಲೆಕ್ಕ ಹಿಡಿದು ಶುರು ಮಾಡಿ. 3 ಮಿ.ಮೀ.ಗೆ 110–140 ಆಂಪಿಯರ್, 2.4 ಮಿ.ಮೀ. ಲ್ಯಾಂಥನೇಟೆಡ್ ಟಂಗ್‌ಸ್ಟನ್, 2.4 ಮಿ.ಮೀ. ರಾಡ್. 6 ಮಿ.ಮೀ.ಗೆ 200–250 ಆಂಪಿಯರ್, 3.2 ಮಿ.ಮೀ. ಟಂಗ್‌ಸ್ಟನ್ ಮತ್ತು ರಾಡ್. ಎ.ಸಿ. ಫ್ರೀಕ್ವೆನ್ಸಿ 80–120 ಹರ್ಟ್ಜ್, ಬ್ಯಾಲೆನ್ಸ್‌ನಲ್ಲಿ ನೆಗೆಟಿವ್ ಭಾಗ ಶೇ 65–75. ಶುದ್ಧ ಆರ್ಗಾನ್ ನಿಮಿಷಕ್ಕೆ 8–12 ಲೀಟರ್, ದಪ್ಪ ಪ್ಲೇಟಿಗೆ 15ರವರೆಗೆ. ಕಡಿಮೆ ಆಂಪಿಯರ್ ಇಟ್ಟು ನಿಧಾನವಾಗಿ ತೆವಳುವುದಕ್ಕಿಂತ ಸಾಕಷ್ಟು ಆಂಪಿಯರ್ ಇಟ್ಟು ಚುರುಕಾಗಿ ಸಾಗುವುದು ಮೇಲು. ಅಲ್ಯೂಮಿನಿಯಂ ಉಕ್ಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಶಾಖವನ್ನು ಹರಡುತ್ತದೆ. ತೆವಳಿದರೆ ಇಡೀ ಜಾಬ್ ಕಾದು, ಅರ್ಧ ಗಟ್ಟಿಯಾದ ವಲಯ ಅಗಲವಾಗುತ್ತದೆ.

ಪ್ರೀಹೀಟ್, ಅಂದರೆ ವೆಲ್ಡಿಂಗ್‌ಗೆ ಮೊದಲೇ ಕಾಯಿಸುವುದು, 6 ಮಿ.ಮೀ.ಗಿಂತ ತೆಳುವಾದದ್ದಕ್ಕೆ ಸಾಮಾನ್ಯವಾಗಿ ಬೇಡ. ದಪ್ಪ ಜಾಬ್‌ಗೆ, ಅಥವಾ ದಪ್ಪ ಮತ್ತು ತೆಳು ಕೂಡುವಲ್ಲಿ ದಪ್ಪದ ಕಡೆಗೆ, 80ರಿಂದ 100 ಡಿಗ್ರಿ ಸಾಕು. 120 ದಾಟಿಸಬೇಡಿ, ಆ ಬಿಸಿಯಲ್ಲಿ 15 ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ದಾಟಿದರೆ ಟಿ6 ಹದ (ಶಾಖ ಸಂಸ್ಕಾರದಿಂದ ಪ್ಲೇಟಿಗೆ ಬಂದ ಗಡಸುತನ) ಇನ್ನೂ ಹೆಚ್ಚು ಜಾಗದಲ್ಲಿ ಇಳಿಯುತ್ತದೆ. ಪಾಸ್‌ಗಳ ನಡುವೆಯೂ ಇದೇ ಮಿತಿ. ಕೈಯಿಂದ ಮುಟ್ಟಿ ಅಂದಾಜು ಮಾಡದೆ ಟೆಂಪರೇಚರ್ ಚಾಕ್ ಬಳಸಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತೋರಿಸುವುದು ನಿಜವಾದ ಶಾಖಕ್ಕಿಂತ ತೀರಾ ಕಡಿಮೆ.

ಆರ್ಕ್ ನಿಲ್ಲಿಸುವ ಕೊನೆಯ ಐದು ಸೆಕೆಂಡು

ಎಲ್ಲ ಸರಿಯಾಗಿ ಮಾಡಿಯೂ ಬೀಡಿನ ತುದಿಯ ಕುಳಿಯಲ್ಲಿ ನಕ್ಷತ್ರದಂತೆ ಮೂರ್ನಾಲ್ಕು ಕವಲಿನ ಬಿರುಕು ಕಾಣುತ್ತದೆ. ಇದು ಕ್ರೇಟರ್ ಬಿರುಕು. ಕರೆಂಟ್ ಏರಿಳಿಸುವ ಕಾಲಿನ ಪೆಡಲ್ ಥಟ್ಟನೆ ಬಿಟ್ಟರೆ ಕೊಳ ಸುತ್ತಲಿಂದ ಒಳಕ್ಕೆ ಗಟ್ಟಿಯಾಗುತ್ತಾ ಬಂದು, ನಡುವಿನ ಕೊನೆಯ ಹನಿಗೆ ತುಂಬಿಕೊಳ್ಳಲು ಲೋಹವೇ ಸಿಗುವುದಿಲ್ಲ. ಅದಕ್ಕೆ ಹೀಗೆ ಮಾಡಿ. ತುದಿ ತಲುಪುವ ಮೊದಲೇ ಕರೆಂಟನ್ನು 3ರಿಂದ 5 ಸೆಕೆಂಡುಗಳಲ್ಲಿ ಮೆಲ್ಲಗೆ ಇಳಿಸುತ್ತಾ ಬನ್ನಿ, ರಾಡ್ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಟಾರ್ಚನ್ನು 10–15 ಮಿ.ಮೀ. ಹಿಂದಕ್ಕೆ, ಮುಗಿದ ಬೀಡಿನ ಮೇಲಕ್ಕೆ ತನ್ನಿ. ಅಲ್ಲಿ ಇನ್ನೊಂದೆರಡು ಹನಿ ರಾಡ್ ಹಾಕಿ, ಕುಳಿ ಉಬ್ಬಾದ ಮೇಲೆ ಆರ್ಕ್ ಆರಿಸಿ. ಗ್ಯಾಸ್ ನಿಲ್ಲುವವರೆಗೆ, 8–10 ಸೆಕೆಂಡು, ಟಾರ್ಚ್ ಅಲುಗಿಸಬೇಡಿ. ಪೆಡಲ್ ಇಲ್ಲದ ಮೆಷಿನ್‌ನಲ್ಲಿ ಡೌನ್‌ಸ್ಲೋಪ್ (ಕರೆಂಟ್ ತಾನಾಗಿ ಇಳಿಯುವ ಅವಧಿ) 4 ಸೆಕೆಂಡಿಗೆ ಇಡಿ.

ಮಿಗ್‌ನಲ್ಲಿ (ಮೆಷಿನ್ನೇ ತಂತಿ ಕೊಡುವ ವೆಲ್ಡಿಂಗ್) ಕುಳಿ ತುಂಬುವ ಕ್ರೇಟರ್ ಫಿಲ್ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ತುದಿಯಲ್ಲಿ ದಿಕ್ಕು ತಿರುಗಿಸಿ 20–25 ಮಿ.ಮೀ. ಬೇಗನೆ ಹಿಂದಕ್ಕೆ ಬಂದು ನಿಲ್ಲಿಸಿ. ಟ್ರಿಗರ್ ಬಿಟ್ಟು, ಕೊಳ ಪೂರ್ತಿ ಗಟ್ಟಿಯಾಗುವ ಮುನ್ನ ಒಂದೆರಡು ಸಲ ಒತ್ತಿ ಕುಳಿ ತುಂಬಿಸಬಹುದು. ಪ್ಲೇಟ್ ಬಟ್ ಜಾಯಿಂಟ್‌ಗೆ ಅತಿ ಭದ್ರ ಉಪಾಯವೆಂದರೆ ತುದಿಗೆ ಅದೇ ಮಿಶ್ರಲೋಹದ 50 ಮಿ.ಮೀ. ತುಂಡು ಕಟ್ಟಿ, ಕುಳಿಯನ್ನು ಅದರ ಮೇಲೆ ಮುಗಿಸಿ, ನಂತರ ಕತ್ತರಿಸಿ ಎಸೆಯುವುದು.

ಬೀಡ್ ಚೆನ್ನಾಗಿದ್ದು ಪಕ್ಕದ ಪ್ಲೇಟಿನಲ್ಲಿ, ಬೀಡಿನ ಅಂಚಿಗೆ ಹೊಂದಿಕೊಂಡು ಸಣ್ಣ ಬಿರುಕುಗಳಿದ್ದರೆ ಅದು ಬೇರೆ ಜಾತಿ. ತಳಲೋಹದ ಹರಳುಗಳ ಅಂಚು ಕರಗಿ, ಬೀಡ್ ಅದಕ್ಕಿಂತ ಮೊದಲು ಗಟ್ಟಿಯಾಗಿ ಎಳೆದಿದೆ. 5356ನಿಂದ 4043ಗೆ ಬದಲಿಸಿ, ಆಗಲೂ ಬಂದರೆ ಸಿಲಿಕಾನ್ ಶೇ 12ರ ಹತ್ತಿರವಿರುವ 4047. ಜೊತೆಗೆ ಶಾಖ ಇಳಿಸಿ, ಒಂದು ದೊಡ್ಡ ಪಾಸ್ ಬದಲು ಎರಡು ಚಿಕ್ಕವು ಹಾಕಿ.

ಬಿರುಕು ಹುಡುಕಿ ದುರಸ್ತಿ ಮಾಡುವುದು

ಮ್ಯಾಗ್ನೆಟಿಕ್ ಪೌಡರ್ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಅಲ್ಯೂಮಿನಿಯಂ ಕಾಂತಕ್ಕೆ ಅಂಟುವುದಿಲ್ಲ. ಡೈ ಪೆನೆಟ್ರಂಟ್ ಬಳಸಿ: ಒರೆಸಿ ಒಣಗಿಸಿ, ಕೆಂಪು ಬಣ್ಣ ಹಚ್ಚಿ 10–15 ನಿಮಿಷ ಬಿಟ್ಟು, ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ, ಡೆವಲಪರ್ ಸಿಂಪಡಿಸಿ ಮತ್ತೆ 10 ನಿಮಿಷ ಕಾಯಿರಿ. ಕ್ಲೀನರನ್ನು ನೇರವಾಗಿ ಜಾಬ್ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ.

ಬಿರುಕು ಸಿಕ್ಕರೆ ಅದರ ಮೇಲೆ ಮತ್ತೊಂದು ಬೀಡ್ ಓಡಿಸಿ ಮುಚ್ಚಬೇಡಿ, ಕೆಳಗಿನ ಬಿರುಕು ಹೊಸ ಬೀಡನ್ನೂ ಸೀಳುತ್ತದೆ. ಕಣ್ಣಿಗೆ ಕಾಣುವ ತುದಿಯಿಂದ ತುಸು ಆಚೆ, ಎರಡೂ ಕಡೆ 3 ಮಿ.ಮೀ. ರಂಧ್ರ ಕೊರೆದು ಬಿರುಕು ಓಡುವುದನ್ನು ತಡೆಯಿರಿ. ಕಾರ್ಬೈಡ್ ಬರ್‌ನಿಂದ ಬಿರುಕಿನ ತಳದವರೆಗೂ ತೆಗೆದು ಅಗಲವಾದ ವಿ ಮಾಡಿ. ಮಾಮೂಲಿ ಗ್ರೈಂಡಿಂಗ್ ವೀಲ್ ಮೆತ್ತನೆಯ ಲೋಹದಲ್ಲಿ ತನ್ನ ಕಣಗಳನ್ನು ಬಿಟ್ಟುಹೋಗುತ್ತದೆ, ಬರ್ ಬಿಡುವುದಿಲ್ಲ. ಮತ್ತೆ ಪೆನೆಟ್ರಂಟ್ ಹಾಕಿ ಬಿರುಕು ಉಳಿದಿಲ್ಲವೆಂದು ಖಚಿತ ಮಾಡಿಕೊಂಡು, ಬಣ್ಣ ಮತ್ತು ಡೆವಲಪರನ್ನು ಅಸಿಟೋನ್‌ನಿಂದ ಪೂರ್ತಿ ತೆಗೆದು, 4043 ಅಥವಾ 4047ರಿಂದ ತುಂಬಿ. ಎಂಜಿನ್ ಕೇಸಿನಂಥ ಎರಕದ ಭಾಗವಾದರೆ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಬರ್ ಹಾಕಿದ ಮೇಲೆ ಟಾರ್ಚ್‌ನಿಂದ ಮೇಲ್ಮೈ ಸ್ವಲ್ಪ ಕರಗಿಸಿದರೆ ಕಪ್ಪು ಕೊಳೆ ಮೇಲೆ ಬರುತ್ತದೆ, ಅದನ್ನು ಕೆರೆದು ತೆಗೆದು, ಬಿಳಿ ಲೋಹ ಕಾಣುವವರೆಗೂ ಇದನ್ನೇ ಮಾಡಿ ರಾಡ್ ಹಾಕಲು ಶುರು ಮಾಡಿ.

6061 ಜಾಬ್‌ನಲ್ಲಿ ಪ್ರತಿ ದುರಸ್ತಿಗೂ ಸುತ್ತಲಿನ ಲೋಹ ಇನ್ನಷ್ಟು ಮೆತ್ತಗಾಗುತ್ತದೆ. ಟಿ6 ಹದದಲ್ಲಿ ಸುಮಾರು 310 ಮೆಗಾಪ್ಯಾಸ್ಕಲ್ ತಡೆಯುವ ಪ್ಲೇಟು ವೆಲ್ಡ್ ಪಕ್ಕದಲ್ಲಿ ಒಂದೇ ಸಲಕ್ಕೆ ಅದರ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ವಿನ್ಯಾಸದ ಲೆಕ್ಕದಲ್ಲಿ 165 ಎಂದೇ ಹಿಡಿಯುತ್ತಾರೆ. ಅದೇ ಜಾಗ ಎರಡು ಸಲ ದುರಸ್ತಿಯಾಗಿ ಮೂರನೇ ಸಲ ಬಿರಿದರೆ ಆ ಪಟ್ಟಿಯನ್ನೇ ಎರಡೂ ಕಡೆ 25–30 ಮಿ.ಮೀ. ಬಿಟ್ಟು ಕತ್ತರಿಸಿ ಹೊಸ ತುಂಡು ಕೂಡಿಸಿ, ಕ್ಲ್ಯಾಂಪ್ ಎಲ್ಲಿ ಬಿಗಿಯಾಗಿತ್ತು ಎಂದು ನೋಡಿ ಅದನ್ನು ಸಡಿಲಿಸಿ.